ನಮ್ಮ ನಾಡಿನ ಜೇನುತುಪ್ಪಗಳು

ಜೇನುತುಪ್ಪವೆಂದರೆ ಸಿಹಿ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ಮಾತು ಇಂಪಾಗಿದ್ದರೆ ಜೇನಿನಂತಹ ಮಾತು ಎನ್ನುತ್ತೇವೆ. ಹಾಡು ಹಿತವಾಗಿದ್ದರೆ ಕಿವಿಗೆ ಜೇನು ಸುರಿದಂತಾಯಿತು ಎನ್ನುತ್ತೇವೆ. ಆದರೆ ಕಹಿಯಾದ ಜೇನುತುಪ್ಪವೂ ಉಂಟು, ಹುಳಿಯಾದದ್ದೂ ಉಂಟು, ಹೂವಿನ ಮುಖವನ್ನೇ ಕಾಣದ ಜೇನುತುಪ್ಪವೂ ಉಂಟು ಎಂದರೆ ನಂಬುವವರು ಕಡಮೆ. ನಂಬದಿದ್ದರೆ ಹೋಗಲಿ, ಅಂತಹ ಜೇನುತುಪ್ಪವನ್ನು ಕಂಡೊಡನೆ ಇದು ಕಲಬೆರಕೆಯೆಂದು ತೀರ್ಮಾನಿಸಿಬಿಡುತ್ತಾರೆ. ಈ ಲೇಖನವನ್ನು ಬರೆಯಲು ಅದೇ ಕಾರಣ.

ನಾನು ಹುಟ್ಟಿದ್ದು ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆಯ ಸುತ್ತ ಅಡಕೆ ತೋಟ, ಅದರಾಚೆ ರಬ್ಬರ್ ತೋಟಗಳು, ಅದಕ್ಕೂ ಆಚೆ ಘಟ್ಟದ ಕಾಡು. ಅಪ್ಪನಿಗೆ ಇರುವುದು ಸ್ವಲ್ಪ ಅಡಕೆ, ಇಪ್ಪತ್ತೆರಡು ಜೇನುಪೆಟ್ಟಿಗೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಹಾಸ್ಟೆಲಿನ ಖರ್ಚು ಹೆಚ್ಚಾಗಿ ನಡೆಯುವುದು ಈ ಪೆಟ್ಟಿಗೆಗಳಿಂದ. ಆದ್ದರಿಂದ ಈ ವಿಷಯದಲ್ಲಿ ನಾನು ಪೂರ್ತಿ ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ.

ಕಳೆದ ವರ್ಷ ಶಿವರಾತ್ರಿಯ ರಜೆ ಮುಗಿಸಿ ಬರುವಾಗ ಅಮ್ಮ ಒಂದು ಬಾಟ್ಲಿ ಹೊಸ ಜೇನುತುಪ್ಪ ಕಟ್ಟಿಕೊಟ್ಟಿದ್ದರು. ತಂದಾಗ ಅದು ತಿಳಿಯಾಗಿ ಹೊಂಬಣ್ಣದಲ್ಲಿತ್ತು. ಮೂರು ವಾರ ಕಳೆಯುವುದರೊಳಗೆ ಬಾಟ್ಲಿಯ ಮುಕ್ಕಾಲು ಭಾಗ ಬೆಳ್ಳಗೆ ಗಟ್ಟಿಯಾಗಿ ರವೆಯಂತಾಯಿತು. ಕೊಠಡಿಯ ಗೆಳೆಯರು ಚಮಚದಿಂದ ಕೆದಕಿ ನೋಡಿ ನಕ್ಕರು. "ನಿನ್ನ ಅಪ್ಪ ಸಕ್ಕರೆ ಪಾಕವನ್ನು ಸ್ವಲ್ಪ ಹೆಚ್ಚೇ ಕಾಯಿಸಿದ್ದಾರೆ ಮಾರಾಯ" ಎಂದ ಒಬ್ಬ. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಅರ್ಥಶಾಸ್ತ್ರ ಓದುವ ನಾನು ಆಮೇಲೆ ಗ್ರಂಥಾಲಯದಲ್ಲಿ ಹುಡುಕಿಯೂ ಅಪ್ಪನನ್ನು ಕೇಳಿಯೂ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜೇನುತುಪ್ಪವೆಂದರೆ ಏನೆಂಬುದನ್ನು ನೋಡೋಣ. ಗಿಡಮರಗಳು ಒಸರುವ ಮಕರಂದದಲ್ಲಿ ಬಹುಪಾಲು ನೀರು. ಅದನ್ನು ಹುಳುಗಳು ಹೊಟ್ಟೆಯ ಚೀಲದಲ್ಲಿ ತುಂಬಿ ತಂದು, ಬಾಯಿಂದ ಬಾಯಿಗೆ ದಾಟಿಸಿ, ಎರಿಯ ಕಣ್ಣುಗಳಲ್ಲಿಟ್ಟು, ರೆಕ್ಕೆ ಬೀಸಿ ಬೀಸಿ ನೀರನ್ನು ಆರಿಸುತ್ತವೆ. ಹಾಗೆ ಆರಿಸುವಾಗಲೇ ಅವುಗಳ ಬಾಯಿಯ ರಸಗಳು ಮಕರಂದದ ಸಕ್ಕರೆಯನ್ನು ಒಡೆದು ಫ್ರಕ್ಟೋಸ್, ಗ್ಲೂಕೋಸ್ ಎಂಬ ಎರಡು ಸರಳ ಸಕ್ಕರೆಗಳನ್ನಾಗಿ ಮಾಡುತ್ತವೆ. ನೀರು ನೂರಕ್ಕೆ ಹದಿನೆಂಟು ಇಪ್ಪತ್ತರ ಮಟ್ಟಕ್ಕೆ ಇಳಿದಾಗ ಕಣ್ಣಿಗೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳ ಬೀಳುವ ಮೊದಲೇ ಆಸೆಪಟ್ಟು ತೆಗೆದ ಜೇನುತುಪ್ಪ ಬಹುಕಾಲ ನಿಲ್ಲದು. ನೊರೆ ಬಂದು ಹುಳಿಯುತ್ತದೆ.

ಗಟ್ಟಿಯಾಗುವ ರಹಸ್ಯವೂ ಇಲ್ಲಿಯೇ ಇದೆ. ಎರಡು ಸಕ್ಕರೆಗಳಲ್ಲಿ ಫ್ರಕ್ಟೋಸ್ ನೀರಿನಲ್ಲಿ ಸುಲಭವಾಗಿ ಕರಗಿರುತ್ತದೆ. ಗ್ಲೂಕೋಸ್ ಹಾಗಲ್ಲ, ಅದು ಹರಳುಗಟ್ಟುವ ಜಾತಿ. ಯಾವ ಗಿಡದ ಮಕರಂದದಿಂದ ಬಂದ ಜೇನಿನಲ್ಲಿ ಗ್ಲೂಕೋಸಿನ ಪಾಲು ಹೆಚ್ಚೋ ಅದು ಬೇಗ ಗಟ್ಟಿಯಾಗುತ್ತದೆ. ಫ್ರಕ್ಟೋಸ್ ಹೆಚ್ಚಿದ್ದರೆ ವರ್ಷಗಟ್ಟಲೆ ನೀರಾಗಿಯೇ ಇರುತ್ತದೆ. ಬಾಟ್ಲಿಯನ್ನು ಕೈಗೆ ಹಿತವಾಗುವಷ್ಟು ಬಿಸಿಯಾದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹರಳು ಕರಗಿ ಮತ್ತೆ ತಿಳಿಯಾಗುತ್ತದೆ. ಒಲೆಯ ಮೇಲೆ ಮಾತ್ರ ಇಡಬಾರದು, ಪರಿಮಳವೂ ಗುಣವೂ ಹಾಳಾಗುತ್ತವೆ.

ನಮ್ಮ ಮನೆಯ ಮೊದಲ ಬೆಳೆ ರಬ್ಬರ್ ಜೇನು. ಹೂವಿನ ಮುಖವನ್ನು ಕಾಣದ ಜೇನುತುಪ್ಪವೆಂದು ಆಗ ಹೇಳಿದೆನಲ್ಲ, ಅದು ಇದೇ. ರಬ್ಬರ್ ಮರ ವರ್ಷಕ್ಕೊಮ್ಮೆ ಎಲೆಯುದುರಿಸಿ ಜನವರಿ ಫೆಬ್ರವರಿಯಲ್ಲಿ ಚಿಗುರುತ್ತದೆ. ಆ ಎಳೆಯ ಎಲೆಗಳ ತೊಟ್ಟಿನ ತುದಿಯಲ್ಲಿ, ಮೂರು ಎಲೆಗಳು ಕೂಡುವಲ್ಲಿ, ಸಣ್ಣ ಗ್ರಂಥಿಗಳಿವೆ. ಅವುಗಳಿಂದ ಮಕರಂದ ಒಸರುತ್ತದೆ. ಬೆಳಗಿನ ಹೊತ್ತು ತೋಟದಲ್ಲಿ ನಡೆದರೆ ತಲೆಯ ಮೇಲೆ ಹೂವೊಂದೂ ಕಾಣದೆ ಬರೀ ಹುಳುಗಳ ಝೇಂಕಾರ ಕೇಳುತ್ತದೆ. ಮಕರಂದ ಹೇರಳ, ಜೇನುತುಪ್ಪ ತೆಳುಬಣ್ಣ, ರುಚಿ ಬರೀ ಸಿಹಿ. ಗಟ್ಟಿಯಾಗುವುದರಲ್ಲಿ ಮಾತ್ರ ಬಲು ಅವಸರ. ಹಾಸ್ಟೆಲಿನಲ್ಲಿ ನನ್ನ ಮಾನ ತೆಗೆದದ್ದು ಇದೇ ಜೇನು. ಹುಳುಗಳ ಮರಿಗಳಿಗೆ ಬೇಕಾದ ಪರಾಗಕ್ಕಾಗಿ ಅವು ತೆಂಗು ಅಡಕೆಗಳ ಹಿಂಗಾರಕ್ಕೆ ಹೋಗುತ್ತವೆ.

ರಬ್ಬರ್ ಮುಗಿಯುತ್ತಲೇ ಕಾಡು ಹೂಬಿಡುತ್ತದೆ. ಏಪ್ರಿಲ್ ಹೊತ್ತಿಗೆ ನೇರಳೆ ಮರದಲ್ಲಿ ಹೂವಿನ ಗೊಂಚಲು. ಈ ಕಾಲದಲ್ಲಿ ತೆಗೆದ ಜೇನುತುಪ್ಪ ಕಪ್ಪುಗೆಂಪು, ಮಂದ. ನಾಲಗೆಗೆ ಮೊದಲು ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಕಹಿ. ಅಪ್ಪನಿಗೆ ಇದೇ ಇಷ್ಟ. ಘಟ್ಟದ ಮೇಲೆ ಉತ್ತರ ಕನ್ನಡದ ಕಡೆ ಅಂಟುವಾಳದ ಜೇನು ಇನ್ನೂ ಕಹಿ. ಮೈಗೂ ಬಟ್ಟೆಗೂ ಸಾಬೂನಿನಂತೆ ಉಜ್ಜುತ್ತಿದ್ದ ಅದೇ ಅಂಟುವಾಳದ ಮರ. ಒಂದು ಚಮಚ ಬಾಯಿಗೆ ಹಾಕಿಕೊಂಡವರು ಮುಖ ಸಿಂಡರಿಸುತ್ತಾರೆ. ಅಭ್ಯಾಸವಾದವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಅಲ್ಲಿಯ ಲೆಕ್ಕವೇ ಬೇರೆ. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದ ಹತ್ತು ದಿನದೊಳಗೆ ಕಾಫಿ ತೋಟಗಳು ಮಲ್ಲಿಗೆಯಂತೆ ಬೆಳ್ಳಗಾಗುತ್ತವೆ. ಆದರೆ ಆ ಹೂವಿನ ಆಯುಸ್ಸು ಮೂರು ನಾಲ್ಕು ದಿನ. ಹುಳುಗಳು ಆ ನಾಲ್ಕು ದಿನದಲ್ಲಿ ತಂದಷ್ಟೇ ಭಾಗ್ಯ. ಮಳೆ ಮತ್ತೆ ಹೊಯ್ದರೆ ಅದೂ ಇಲ್ಲ. ಇಲ್ಲಿ ಲಾಭ ಜೇನು ಸಾಕುವವನಿಗಿಂತ ತೋಟದವನಿಗೇ ಹೆಚ್ಚು. ರೊಬಸ್ಟಾ ಕಾಫಿಗೆ ತನ್ನದೇ ಪರಾಗ ಒಗ್ಗುವುದಿಲ್ಲ, ಬೇರೆ ಗಿಡದ್ದು ಬೇಕು. ಗಾಳಿ ಸ್ವಲ್ಪ ಪರಾಗ ತರುತ್ತದೆ, ಉಳಿದದ್ದನ್ನು ಜೇನು ತರುತ್ತದೆ. ಹಾಗಿದ್ದೂ ಪೆಟ್ಟಿಗೆಯಿಟ್ಟವನಿಗೆ ತೋಟದವರು ಬಾಡಿಗೆ ಕೊಡುವ ವಾಡಿಕೆ ನಮ್ಮ ಕಡೆ ಇಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ವಿಷಯದ ಮೇಲೆ ಬೇರೆಯೇ ಒಂದು ಲೇಖನ ಬರೆಯಬೇಕೆಂದಿದ್ದೇನೆ.

ಕೊಡಗು ಚಿಕ್ಕಮಗಳೂರುಗಳ ಎತ್ತರದ ಬೆಟ್ಟಗಳಲ್ಲಿ ಗುರಿಗೆ ಎಂಬ ಪೊದೆ ಬೆಳೆಯುತ್ತದೆ. ಕುರಿಂಜಿ ಎಂದರೂ ಅದೇ ಕುಲ. ಅದರ ಹಲವು ಜಾತಿಗಳು ವರ್ಷಗಳ ಕಾಲ ಸುಮ್ಮನಿದ್ದು, ಒಂದು ವರ್ಷ ಬೆಟ್ಟವಿಡೀ ಒಟ್ಟಿಗೆ ಹೂಬಿಟ್ಟು, ಬೀಜ ಚೆಲ್ಲಿ, ಒಟ್ಟಿಗೆ ಸಾಯುತ್ತವೆ. ಮಡಿಕೇರಿಯ ಸಮೀಪದ ಮಾಂದಲಪಟ್ಟಿಯಲ್ಲಿ 2021ರಲ್ಲಿಯೂ ಚಂದ್ರದ್ರೋಣ ಪರ್ವತಗಳಲ್ಲಿ 2022ರಲ್ಲಿಯೂ ಹೀಗೆ ಬೆಟ್ಟಗಳು ನೀಲಿಯಾದವು. ಅಂತಹ ವರ್ಷದ ಜೇನುತುಪ್ಪವನ್ನು ಮಲೆನಾಡಿನವರು ಬಾಟ್ಲಿಯಲ್ಲಿ ತೆಗೆದಿಟ್ಟು ಮನೆಯ ಹಿರಿಯರಿಗೆ ಔಷಧಿಗೆಂದು ಕಾಪಾಡುತ್ತಾರೆ. ಇನ್ನು ಬಯಲುಸೀಮೆಯ ಸೂರ್ಯಕಾಂತಿ ಹೊಲಗಳ ಜೇನುತುಪ್ಪ ಅರಿಸಿನದಂತೆ ಹಳದಿ. ಅದೂ ರಬ್ಬರ್ ಜೇನಿನಂತೆ ಬೇಗ ಗಟ್ಟಿಯಾಗುತ್ತದೆ.

ಗಿಡದಷ್ಟೇ ಹುಳುವಿನ ಜಾತಿಯೂ ರುಚಿಯನ್ನು ನಿರ್ಣಯಿಸುತ್ತದೆ. ನಮ್ಮಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಎಂಬ ನಾಲ್ಕು ಜಾತಿಗಳು ಮೂಲದಿಂದ ಇವೆ. ಐದನೆಯದು ಯುರೋಪಿನ ಮೆಲ್ಲಿಫೆರಾ. 1962ರಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಯೂರಿದ ಮೇಲೆ ಅದು ದೇಶದಲ್ಲೆಲ್ಲ ಹರಡಿತು. ಸೂರ್ಯಕಾಂತಿ ಸಾಸಿವೆಗಳ ದೊಡ್ಡ ಹೊಲಗಳಿಗೆ ಅದು ಹೇಳಿ ಮಾಡಿಸಿದ ಹುಳು.

ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಎರಿ ಕಟ್ಟುತ್ತದೆ. ಸಿಕ್ಕುವುದು ಮಕ್ಕಳ ಬಾಯಿಗೆ ಸಾಕಾಗುವಷ್ಟು. ಮುಜಂಟಿ ಇನ್ನೂ ಸಣ್ಣದು, ಇರುವೆಗಿಂತ ಸ್ವಲ್ಪ ದೊಡ್ಡದು, ಕೊಂಡಿಯಿಲ್ಲದ್ದು. ಮಣ್ಣಿನ ಗೋಡೆಯ ಸಂದಿಯಲ್ಲಿ ಅಂಟು ಮೇಣಗಳಿಂದ ಪುಟ್ಟ ಪುಟ್ಟ ಗಡಿಗೆಗಳನ್ನು ಮಾಡಿ ಅದರಲ್ಲಿ ತುಪ್ಪ ತುಂಬಿಡುತ್ತದೆ. ಆ ತುಪ್ಪ ನೀರುನೀರು, ರುಚಿ ಹುಳಿ. ವರ್ಷಕ್ಕೆ ಒಂದು ಲೋಟವೂ ಸಿಕ್ಕದು. ಆದರೆ ನಮ್ಮೂರಿನಲ್ಲಿ ಮಗುವಿನ ಕೆಮ್ಮಿಗೆ, ಬಾಯಿಹುಣ್ಣಿಗೆ ಮೊದಲು ಕೇಳುವುದು ಅದನ್ನೇ. ಹಂಚಿನ ಮನೆಗಳು ಹೋಗಿ ಸಿಮೆಂಟಿನ ಗೋಡೆಗಳು ಬಂದಮೇಲೆ ಮುಜಂಟಿಗೆ ಸಂದಿ ಸಿಕ್ಕುವುದು ಕಷ್ಟವಾಗಿದೆ.

ಹೆಜ್ಜೇನಿನದು ರಾಜಗಾಂಭೀರ್ಯ. ಎತ್ತರದ ಮರದ ಕೊಂಬೆಗೋ ಬಂಡೆಗೋ ತೆರೆದ ಗಾಳಿಯಲ್ಲಿ ಒಂದೇ ದೊಡ್ಡ ಎರಿ. ಕಾಲಕಾಲಕ್ಕೆ ಗುಂಪೇ ಎದ್ದು ಬೇರೆ ಕಡೆಗೆ ವಲಸೆ ಹೋಗುತ್ತದೆ. ಇದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಜೇನುಕುರುಬರಿಗೆ ಹೆಸರೇ ಜೇನಿನಿಂದ ಬಂದದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯಲ್ಲಿ ಹೊಗೆಯೆಬ್ಬಿಸಿ, ಹಾಡು ಹೇಳಿ, ಮರವೇರಿ, ಹುಳುಗಳಿಗೂ ಒಂದು ಪಾಲು ಬಿಟ್ಟು ಕೊಯ್ಯುತ್ತಾರೆ. ಆ ಕಾಡು 1974ರಲ್ಲಿ ವನ್ಯಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಡುವೆ ಕೆಲವು ವರ್ಷ ಅವರಿಗೆ ಜೇನು ಕೊಯ್ಯುವುದೇ ನಿಷಿದ್ಧವಾಗಿತ್ತು. ಅದೇ 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಂತೆ ಅವರ ಸಮುದಾಯದ ಹಕ್ಕನ್ನು ಸರ್ಕಾರ ಒಪ್ಪಿಕೊಂಡಿತು. ಹೆಜ್ಜೇನಿನ ತುಪ್ಪ ತೆಳು, ಹಲವು ಹೂವುಗಳ ಕೂಡುರುಚಿ. ಎರಿಯನ್ನು ಹಿಂಡಿ ತೆಗೆದರೆ ಪರಾಗವೂ ಬೆರೆಯುವುದರಿಂದ ಮಬ್ಬಾಗಿ ಕಾಣುತ್ತದೆ.

ತುಡುವೆಯೇ ನಮ್ಮ ಸಾಕುಜೇನು. ಮರದ ಪೊಟರೆಯ ಕತ್ತಲಲ್ಲಿ ಒಂದರ ಪಕ್ಕ ಒಂದಾಗಿ ಹಲವು ಎರಿಗಳನ್ನು ಕಟ್ಟುವುದು ಅದರ ಸ್ವಭಾವ. ಆದ್ದರಿಂದಲೇ ಪೆಟ್ಟಿಗೆಗೆ ಒಗ್ಗುತ್ತದೆ. ಎರಿಗಳ ನಡುವೆ ಹುಳುಗಳು ಬಿಡುವ ಸಂದಿಯ ಅಳತೆಯನ್ನು ಗಮನಿಸಿ, ಕಳಚಿ ಜೋಡಿಸಬಹುದಾದ ಚೌಕಟ್ಟಿನ ಪೆಟ್ಟಿಗೆಯನ್ನು 1851ರಲ್ಲಿ ಕಂಡುಹಿಡಿದವನು ಅಮೆರಿಕದ ಲ್ಯಾಂಗ್‌ಸ್ಟ್ರಾತ್. ಅದನ್ನು ತುಡುವೆಯ ಸಣ್ಣ ಮೈಗೆ ತಕ್ಕಂತೆ ಕಿರಿದುಮಾಡಿದವರು 1910ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್. ಅಪ್ಪನ ಪೆಟ್ಟಿಗೆಗಳು ಇಂದಿಗೂ ನ್ಯೂಟನ್ ಪೆಟ್ಟಿಗೆಗಳೇ. ಚೌಕಟ್ಟನ್ನು ಯಂತ್ರದಲ್ಲಿಟ್ಟು ತಿರುಗಿಸಿದರೆ ತುಪ್ಪ ಮಾತ್ರ ಹೊರಕ್ಕೆ ಚಿಮ್ಮುತ್ತದೆ. ಎರಿಯನ್ನು ಹುಳುಗಳಿಗೆ ಹಾಗೆಯೇ ಹಿಂದಿರುಗಿಸಬಹುದು. ಒಳ್ಳೆಯ ವರ್ಷದಲ್ಲಿ ನಮ್ಮ ಒಂದು ಪೆಟ್ಟಿಗೆ ಏಳೆಂಟು ಕಿಲೋ ಕೊಡುತ್ತದೆ.

ಈ ಕಸಬು ಒಮ್ಮೆ ಪೂರ್ತಿ ನಾಶವಾಗುವುದರಲ್ಲಿತ್ತೆಂದು ನಮ್ಮ ವಯಸ್ಸಿನವರಿಗೆ ತಿಳಿಯದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿತು. ಮರಿಹುಳುಗಳು ಕಣ್ಣಿನೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಇದಕ್ಕೆ ಮದ್ದಿಲ್ಲ. ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದುಹೋದವು. ಅಜ್ಜನಿಗೆ ಆಗ ಮೂವತ್ತು ಪೆಟ್ಟಿಗೆಗಳಿದ್ದವಂತೆ, ಉಳಿದದ್ದು ಎರಡು. ಖಾಲಿ ಪೆಟ್ಟಿಗೆಗಳಲ್ಲಿ ಕೆಲವನ್ನು ಅಜ್ಜಿ ಒಲೆಗೆ ಹಾಕಿದರಂತೆ. ಅಪ್ಪ ಶಾಲೆ ಬಿಟ್ಟದ್ದೂ ಆ ಆಸುಪಾಸಿನಲ್ಲಿಯೇ. ಏಕೆ ಬಿಟ್ಟೆಯೆಂದು ಕೇಳಿದರೆ "ಓದು ತಲೆಗೆ ಹತ್ತಲಿಲ್ಲ" ಎಂದು ಬೇರೆ ಮಾತು ತೆಗೆಯುತ್ತಾರೆ. ಕಾಡಿನಲ್ಲಿ ರೋಗವನ್ನು ತಡೆದುಕೊಂಡು ಉಳಿದ ಕುಟುಂಬಗಳನ್ನು ಹುಡುಕಿ ತಂದು ಈ ಇಪ್ಪತ್ತೆರಡು ಪೆಟ್ಟಿಗೆಗಳನ್ನು ಅವರು ಮತ್ತೆ ಕೂಡಿಸಿದ್ದಾರೆ.

ಇನ್ನು ಪರೀಕ್ಷೆಯ ವಿಷಯ. ಕಳೆದ ವರ್ಷ ಮೇ ತಿಂಗಳಲ್ಲಿ ಅಪ್ಪನ ಜೊತೆ ಪೇಟೆಯ ಅಂಗಡಿಯೊಂದಕ್ಕೆ ಹದಿನಾಲ್ಕು ಕಿಲೋ ಜೇನುತುಪ್ಪ ಕೊಂಡುಹೋಗಿದ್ದೆ. ಅರ್ಧ ರಬ್ಬರಿನದು, ಅರ್ಧ ನೇರಳೆಯದು. ಅಂಗಡಿಯವರು ಮೊದಲನೆಯದನ್ನು ಬೆಳಕಿಗೆ ಹಿಡಿದು, "ಗೌಡರೇ, ಇದು ತಳದಲ್ಲಿ ಸಕ್ಕರೆ ಕಟ್ಟಿದೆ" ಎಂದರು. ಎರಡನೆಯದನ್ನು ನಾಲಗೆಗೆ ಮುಟ್ಟಿಸಿ, "ಇದು ಕಹಿ. ಬೆಲ್ಲ ಸೀದುಹೋದ ಹಾಗಿದೆ. ಗಿರಾಕಿಗಳು ತಂದು ಮುಖಕ್ಕೆ ಎಸೆಯುತ್ತಾರೆ" ಎಂದರು. ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಕಂಪನಿಯ ಬಾಟ್ಲಿಗಳನ್ನು ತೋರಿಸಿ, "ನೋಡಿ, ವರ್ಷವಿಡೀ ಒಂದೇ ಬಣ್ಣ, ಒಂದೇ ರುಚಿ" ಎಂದರು. ಅಪ್ಪ ಮಾತಾಡಲಿಲ್ಲ. "ಆಯಿತು ಧಣಿ" ಎಂದು ಕ್ಯಾನುಗಳನ್ನು ಎತ್ತಿಕೊಂಡರು. ಅದು ನನ್ನ ಪರೀಕ್ಷಾ ಶುಲ್ಕದ ಹಣವಾಗಿತ್ತು.

ಅಂಗಡಿಯವರದು ತಪ್ಪೆಂದು ನಾನು ಹೇಳುವುದಿಲ್ಲ. ಅವರ ಗಿರಾಕಿಗಳೆಲ್ಲ ನಮ್ಮಂತಹವರೇ. ಆದರೆ ವರ್ಷವಿಡೀ ಒಂದೇ ಬಣ್ಣ ಒಂದೇ ರುಚಿ ಇರಬೇಕಾದರೆ ಹಲವು ಊರುಗಳ ತುಪ್ಪವನ್ನು ಬೆರೆಸಿ, ಕಾಯಿಸಿ, ನಯವಾಗಿ ಸೋಸಬೇಕು. ಅದಕ್ಕಿಂತ ಸುಲಭವಾದ ದಾರಿಗಳೂ ಇವೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಮಾರುಕಟ್ಟೆಯ 13 ಕಂಪನಿಗಳ ಜೇನುತುಪ್ಪವನ್ನು ಜರ್ಮನಿಯ ಪ್ರಯೋಗಶಾಲೆಗೂ ಕಳುಹಿಸಿ ಪರೀಕ್ಷಿಸಿತು. ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದವು ಮೂರೇ. ಅಕ್ಕಿ ಮುಂತಾದವುಗಳಿಂದ ಮಾಡಿದ ಪಾಕಗಳನ್ನು ಸಾಮಾನ್ಯ ಪರೀಕ್ಷೆಗಳಿಗೆ ಸಿಕ್ಕದಂತೆ ಬೆರೆಸುತ್ತಾರೆಂದು ಅದು ತಿಳಿಸಿತು. ಕಂಪನಿಗಳು ಆ ವರದಿಯನ್ನು ಅಲ್ಲಗಳೆದವು.

ಪ್ರಯೋಗಶಾಲೆಗೇ ಕಷ್ಟವಾದದ್ದು ನಮ್ಮ ಮನೆಯ ಪರೀಕ್ಷೆಗಳಿಗೆ ಸಿಕ್ಕೀತೆ? ನೀರಿಗೆ ಬಿಟ್ಟರೆ ಶುದ್ಧ ಜೇನು ತಳಕ್ಕಿಳಿಯುತ್ತದೆ ಎನ್ನುತ್ತಾರೆ. ಮಂದವಾದ ಸಕ್ಕರೆ ಪಾಕವೂ ಇಳಿಯುತ್ತದೆ. ಬತ್ತಿಗೆ ಸವರಿ ಹೊತ್ತಿಸಿದರೆ ಉರಿಯುತ್ತದೆ ಎನ್ನುತ್ತಾರೆ. ಅದರಿಂದ ತಿಳಿಯುವುದು ನೀರಿನಂಶ ಮಾತ್ರ. ಶುದ್ಧ ಜೇನಿಗೆ ಇರುವೆ ಮುತ್ತುವುದಿಲ್ಲವೆಂಬುದು ಇನ್ನೊಂದು ಮಾತು. ನಮ್ಮೂರಿನ ಇರುವೆಗಳಿಗೆ ಈ ಶಾಸ್ತ್ರ ಗೊತ್ತಿಲ್ಲ. ಪೆಟ್ಟಿಗೆಯ ಕಾಲುಗಳಿಗೆ ನೀರಿನ ಬಟ್ಟಲು ಇಡದಿದ್ದರೆ ಒಂದೇ ರಾತ್ರಿಯಲ್ಲಿ ಕುಟುಂಬವನ್ನು ಓಡಿಸಿಬಿಡುತ್ತವೆ. ಸಾಕಣೆಗಾರರ ಪರವಾಗಿ ಒಂದು ಮಾತನ್ನು ಮುಚ್ಚಿಡಬಾರದು. ಜೂನಿನಿಂದ ಸೆಪ್ಟೆಂಬರದವರೆಗೆ ಜಡಿಮಳೆಯಲ್ಲಿ ಹೂವಿಲ್ಲದಾಗ ನಾವೂ ಹುಳುಗಳಿಗೆ ಸಕ್ಕರೆ ನೀರು ಇಡುತ್ತೇವೆ, ಇಡದಿದ್ದರೆ ಅವು ಸಾಯುತ್ತವೆ. ಅದು ಅವುಗಳ ಊಟ. ಅದನ್ನು ತೆಗೆದು ಮಾರುವವನು ಮೋಸಗಾರ. ಹಾಗೆ ಮಾರುವವರು ಇಲ್ಲವೇ ಇಲ್ಲವೆಂದು ನಾನು ಆಣೆಯಿಡಲಾರೆ.

ಆರೋಗ್ಯದ ವಿಷಯದಲ್ಲಿ ಜೇನಿನ ಮೇಲೆ ಹೊರಿಸಿರುವ ಗುಣಗಳಿಗೆ ಲೆಕ್ಕವಿಲ್ಲ. ನಮ್ಮ ಆಯುರ್ವೇದ ಜೇನು ಒಂದೇ ಎಂದು ಎಂದೂ ಭಾವಿಸಲಿಲ್ಲ: ಚರಕ ಸಂಹಿತೆ ಮಾಕ್ಷಿಕ, ಭ್ರಾಮರ, ಕ್ಷೌದ್ರ, ಪೌತ್ತಿಕ ಎಂದು ನಾಲ್ಕು ವಿಧ ಹೇಳಿದರೆ ಸುಶ್ರುತ ಸಂಹಿತೆ ಎಂಟು ಹೇಳುತ್ತದೆ. ಹೊಸ ಜೇನು ಮೈ ಬೆಳೆಸುತ್ತದೆ, ಹಳೆಯದು ಕೊಬ್ಬು ಕರಗಿಸುತ್ತದೆ, ಬಿಸಿಮಾಡಬಾರದು ಎಂಬ ಮಾತುಗಳೂ ಅಲ್ಲಿವೆ. ಇಂದಿನ ವೈದ್ಯರು ಪರೀಕ್ಷಿಸಿ ಒಪ್ಪಿರುವುದು ಇದಕ್ಕಿಂತ ಕಡಮೆ, ಆದರೆ ಗಟ್ಟಿ. ನೆಗಡಿಯ ಕೆಮ್ಮಿರುವ ಮಕ್ಕಳಿಗೆ ಜೇನು ಸ್ವಲ್ಪ ಶಮನ ಕೊಡುತ್ತದೆ. ಸಾಧಾರಣ ಸುಟ್ಟಗಾಯಗಳು ಶುದ್ಧೀಕರಿಸಿದ ಔಷಧೀಯ ಜೇನಿನ ಪಟ್ಟಿಯಿಂದ ಬೇಗ ಮಾಯುತ್ತವೆ; ಜೇನು ಆಮ್ಲಗುಣದ್ದು, ಹುಳು ಸೇರಿಸಿದ ರಸದಿಂದ ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ರೋಗಾಣುಗಳು ಅದರಲ್ಲಿ ಬೆಳೆಯಲಾರವು. ಅಡುಗೆಮನೆಯ ಬಾಟ್ಲಿಯನ್ನು ಗಾಯಕ್ಕೆ ಸುರಿಯಬಾರದು. ಸಕ್ಕರೆ ಕಾಯಿಲೆಯವರಿಗೆ ಜೇನೂ ಸಕ್ಕರೆಯೇ. ಒಂದು ವರ್ಷ ತುಂಬದ ಕೂಸಿಗಂತೂ ನೆಕ್ಕಿಸಲೇಬಾರದು. ಅಪರೂಪಕ್ಕೆ ಅದರಲ್ಲಿರುವ ಒಂದು ರೋಗಾಣುವಿನ ಬೀಜ ಎಳೆಯ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ಪಾರ್ಶ್ವವಾಯುವಿನಂತಹ ಕಾಯಿಲೆ ತರಬಲ್ಲದು. ಹುಟ್ಟಿದ ಮಗುವಿನ ನಾಲಗೆಗೆ ಜೇನು ಮುಟ್ಟಿಸುವ ಪದ್ಧತಿ ನಮ್ಮ ಮನೆಯಲ್ಲಿಯೂ ಇತ್ತು. ಅಕ್ಕನ ಮಗುವಿನ ಹೊತ್ತಿಗೆ ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಅಜ್ಜಿ ಗೊಣಗುತ್ತ ಬಿಟ್ಟರು.

ಈ ವರ್ಷ ಅಪ್ಪ ರಬ್ಬರ್ ಜೇನನ್ನೂ ನೇರಳೆ ಜೇನನ್ನೂ ಬೇರೆ ಬೇರೆ ಅರ್ಧ ಕಿಲೋ ಬಾಟ್ಲಿಗಳಿಗೆ ತುಂಬಿಸಿದ್ದಾರೆ. ಪ್ರತಿಯೊಂದಕ್ಕೂ ಮರದ ಹೆಸರು, ತಿಂಗಳು ಬರೆದ ಚೀಟಿ ಅಂಟಿಸಿದ್ದೇವೆ, ಬರೆದವನು ನಾನು. ರಬ್ಬರಿನದಕ್ಕೆ "ಗಟ್ಟಿಯಾಗುತ್ತದೆ, ಬಿಸಿನೀರಿನಲ್ಲಿ ಇಡಿ" ಎಂದೂ ನೇರಳೆಯದಕ್ಕೆ "ಸ್ವಲ್ಪ ಕಹಿ" ಎಂದೂ ಸೇರಿಸಿದೆ. ಎರಡನೆಯ ಚೀಟಿಯನ್ನು ನೋಡಿ ಅಪ್ಪ, "ಮಾರುವವನೇ ಹೀಗೆ ಬರೆದರೆ ಕೊಳ್ಳುವವರು ಯಾರು?" ಎಂದು ನಕ್ಕರು, ಆದರೆ ತೆಗೆಯಲು ಹೇಳಲಿಲ್ಲ. ಅದೇ ಅಂಗಡಿಯವರು ರಬ್ಬರಿನ ಹತ್ತು ಬಾಟ್ಲಿ ಇಟ್ಟುಕೊಂಡರು, ನೇರಳೆಯದು ಎರಡೇ. ಒಂದು ವಾರದ ಮೇಲೆ ಫೋನ್ ಬಂತು: ನಿವೃತ್ತ ಮೇಷ್ಟ್ರೊಬ್ಬರು ಕಹಿಯದೇ ಬೇಕೆಂದು ಎರಡನ್ನೂ ಒಯ್ದರಂತೆ, ಇನ್ನೂ ನಾಲ್ಕು ಕಳುಹಿಸಬೇಕಂತೆ.